ಸಣ್ಣ ಮುಂಗೈ ಸೊಸಿ ಬೇಕು

ಕುರಿ ಕೊಳ್ಳೋರು ಹಲ್ಲು ನೋಡ್ತಾರ, ಹತ್ತಿ ಕೊಳ್ಳೋರು ಎಳಿ ಜಗ್ಗಿ ನೋಡ್ತಾರ, ಸೊಸಿ ಹುಡುಕೋರು ಅಡಿಯಿಂದ ಮುಡಿ ತನಕ ನೋಡ್ತಾರ. ತಮ್ಮ ಮಗನ್ನ ಮಾತ್ರ ಯಾರೂ ನೋಡಂಗಿಲ್ಲ. ಆದೋನಿಯಾಗ ಮಂದಿಗೆ ಬಳಿ ತೊಡಸ್ಕೋತ ನಾನು ಮುದುಕಿ ಆದೆ, ಇದೊಂದು ಬದಲಾಗಲಿಲ್ಲ.

ಎರಡನೇ ಮಹಾಯುದ್ಧದ ಕಾಲದ ಮಾತು. ನಮ್ಮ ಓಣಿಯಾಗ ಹತ್ತಿ ವ್ಯಾಪಾರದ ಸೌಕಾರ್ತಿ ಒಬ್ಬಾಕಿ ಇದ್ಲು. ಆಕಿ ಪ್ರಕಾರ ಹೆಣ್ಣಿನ ಚಂದ ಅಂದ್ರ ಎರಡ: ಬಿಳಿ ಬಣ್ಣ, ಸಣ್ಣ ಮುಂಗೈ. ಹುಡುಗಿ ಕೈ ಹಿಡದು ನೋಡಾಕ ಬಳಿಗಾರ್ತಿ ಬೇಕಲ್ಲ, ಅದಕ್ಕ ಕನ್ಯಾ ನೋಡಾಕ ಹೊಂಟಾಗೆಲ್ಲ ನನ್ನ ಕರಕೊಂಡು ಹೋಗಾಕಿ. ಆಕಿ ಮಗನ ವಾರಿಗಿ ಹುಡುಗರು ಆಗಲೇ ಮಕ್ಕಳನ್ನ ಹೆಗಲ ಮ್ಯಾಲ ಕುಂದ್ರಿಸ್ಕೊಂಡು ತಿರಗತಿದ್ರು. ಇವನಿಗೆ ಹ್ಯಾಂಗಾದ್ರೂ ಒಂದು ಮದುವಿ ಆಗಬೇಕಿತ್ತು. ಪಾಪ, ಅವನ್ನ ಯಾರು ಕೇಳಬೇಕು?

ಬಿಗಿ ಬಳಿ

ಮೊದಲನೇ ಕನ್ಯಾ ಆದೋನಿದ. ಸೌಕಾರ್ತಿ ಮನಸ್ಸಿನ್ಯಾಗ ಏನೈತಿ ಅಂತ ಹುಡುಗಿ ತಾಯಿಗೆ ಮೊದಲ ಗೊತ್ತಾಗಿತ್ತು. ನನ್ನ ಒಳಗ ಕರಕೊಂಡು ಹೋಗಿ, "ಎಲ್ಲಾಕ್ಕಿಂತ ಸಣ್ಣ ಬಳಿ ತೊಡಸು" ಅಂದ್ಲು.

"ಯವ್ವಾ, ಇವು ಸಣ್ಣ ಹುಡುಗ್ರವು."

"ನಮ್ಮಾಕಿನೂ ಸಣ್ಣಾಕೀನ."

ಸಬಕಾರ ಹಚ್ಚಿ, ಎಣ್ಣಿ ಹಚ್ಚಿ, ಹುಡುಗಿ ಕಣ್ಣಾಗ ನೀರು ತರಿಸಿ ಏರಿಸಿದೆ. ಆ ಕೈ ನೋಡಿ ಸೌಕಾರ್ತಿ ಮುಖ ಅರಳಿತು. ಅಷ್ಟ್ರಾಗ ಹುಡುಗಿ ಕೈ ಬಾತು ಜೋಮು ಹಿಡದಿತ್ತು. ಮಂಡಕ್ಕಿ ಒಗ್ಗರಣಿ ತಾಟು ತಂದಾಕಿ ಹುಡುಗನ ತೊಡಿ ಮ್ಯಾಲ ಸುರುವಿದ್ಲು. ಸೌಕಾರ್ತಿ ಅಪಶಕುನ ಅಂತ ಎದ್ದು ನಿಂತ್ಲು. ಮಗ ಕುಂತಲ್ಲೇ ಧೋತರದ ಮ್ಯಾಲಿಂದ ಆರಿಸಿ ತಿಂದು, "ಉಪ್ಪು ಖಾರ ಸಮ ಐತೆವ್ವಾ" ಅಂದ.

ಬಿಳಿ ಬಣ್ಣ

ಎರಡನೇದು ಕೌತಾಳಂದಾಗ. ಆಗ ಪೆಟ್ರೋಲ್ ಸಿಗತಿರಲಿಲ್ಲ, ಬಸ್ಸು ಇದ್ದಲಿ ಮ್ಯಾಲ ಓಡತಿತ್ತು. ಇದ್ದಲಿ ಒಲಿ ಬಸ್ಸಿನ ಹಿಂದ, ಮಗ ಹಿಂದಿನ ಸೀಟಿನ್ಯಾಗ. ಸೌಕಾರ್ತಿ ದಾರಿ ತುಂಬ, "ಹುಡುಗಿ ಕರ್ರಗಿದ್ರ ನಾ ಆ ಮನಿ ನೀರೂ ಕುಡಿಯಂಗಿಲ್ಲ" ಅನಕೋತ ಬಂದ್ಲು.

ಹುಡುಗಿ ನೋಡಿದ್ರ ಬೆಣ್ಣಿ ಹಂಗ ಇದ್ಲು. ಸೌಕಾರ್ತಿ ಎರಡು ತಂಬಿಗಿ ನೀರು ಕುಡದ್ಲು. ಆದ್ರ ಹುಡುಗಿಯ ಅಜ್ಜಿ ವರನ್ನ ನೋಡಿ, "ನಲ್ಲಗಾ ಉನ್ನಾಡೇ" ಅಂತ ತೆಲುಗಿನ್ಯಾಗ ಅಂದ್ಲು. ಕರ್ರಗ ಅದಾನಲ್ಲ ಅಂತ.

ಸೌಕಾರ್ತಿಗೆ ಸಿಟ್ಟು ನೆತ್ತಿಗೇರಿತು. "ಅದು ಬಸ್ಸಿನ ಮಸಿರಿ. ನೀರು ಕೊಡ್ರಿ, ತೊಳಸಿ ತೋರಸ್ತೀನಿ."

ಮಗ ಮುಖ ತೊಳಕೊಂಡ. ಸಬಕಾರ ಹಚ್ಚಿ ಮತ್ತ ತೊಳಕೊಂಡ. ಒರಸಿಕೊಂಡು ಬಂದು ಬೆಳಕಿಗೆ ನಿಂತ. ಅಜ್ಜಿ ಹತ್ರ ಬಂದು ನೋಡಿ, "ಮಸಿ ಇನ್ನೂ ಹೋಗಿಲ್ಲವ್ವಾ" ಅಂದ್ಲು.

ಬಾವಿ

ಮೂರನೇದು ಆಸ್ಪರಿ ಕಡೆ ಹಳ್ಳಿ, ಒಕ್ಕಲುತನದ ಮನಿ. ಹುಡುಗಿ ಎಣ್ಣಿಗೆಂಪು, ಗಟ್ಟಿ ಮೈ. ನನ್ನ ಹತ್ರ ಇದ್ದ ದೊಡ್ಡ ಬಳಿನೂ ಆಕಿಗೆ ಏರಲಿಲ್ಲ. ಸೌಕಾರ್ತಿ ನನ್ನ ಕಿವ್ಯಾಗ, "ಇದು ಕೈಯೋ ಒನಕಿನೋ? ಏಳು, ಹೋಗೂನು" ಅಂದ್ಲು.

ಮಗ ಏಳಲಿಲ್ಲ. ಹುಡುಗಿ ಅವನ ಮನಸ್ಸಿಗೆ ಬಂದಿದ್ಲು. ಇದೂ ತಪ್ಪಿದ್ರ ಅವ್ವ ಇನ್ನ ಯಾವ ಊರು ತಿರುಗಸ್ತಾಳೋ ಅಂತ ಹೆದರಿದ್ದ. ಹುಡುಗಿ ನಮಗ ಕುಡಿಯಾಕ ನೀರು ತರಾಕ ಹಿತ್ತಲ ಬಾವಿಗೆ ಹೋದ್ಲು. ಇವನೂ ಹಿಂದ ಹೋಗಿ, "ನಾ ಸೇದತೀನಿ, ಬಿಡ್ರಿ" ಅಂತ ಹಗ್ಗ ಇಸಗೊಂಡ. ಕಟ್ಟಿ ಇಲ್ಲದ ಬಾವಿ ಅದು. ತುಂಬಿದ ಕೊಡ ಕೆಳಗ ಜಗ್ಗಿತು, ಇವನೂ ಅದರ ಬೆನ್ನ ಹಿಂದ ಹೊಂಟ. ಹುಡುಗಿ ಒಂದು ಕೈಲೆ ಇವನ ರಟ್ಟಿ ಹಿಡದ್ಲು, ಇನ್ನೊಂದು ಕೈಲೆ ಹಗ್ಗ ಹಿಡದ್ಲು. ಕೊಡಾನೂ ಮ್ಯಾಲ ಬಂತು, ವರಾನೂ ಮ್ಯಾಲ ಬಂದ.

ನನ್ನ ಜೋಡಿ ಹಿತ್ತಲ ಬಾಗಲದಾಗ ನಿಂತು ಇದನ್ನೆಲ್ಲ ಕಂಡ ಸೌಕಾರ್ತಿ ಓಡಿ ಬಂದು ಮಗನ ಮೈ ಸವರಿ ನೋಡಿದ್ಲು. ಜೀವಕ್ಕ ಸಮಾಧಾನ ಆದ ಮ್ಯಾಲ ಆ ಒನಕಿ ಕೈಯನ್ನ ಕಣ್ಣು ತುಂಬ ನೋಡಿದ್ಲು. "ಏನ ನೋಡ್ಕೋತ ನಿಂತೀಯೇ? ಆದೋನಿಗೆ ಹೋಗಿ ದೊಡ್ಡ ಅಳತಿ ಬಳಿ ತಾ" ಅಂತ ನನಗ ಬೈದ್ಲು. ಆಮ್ಯಾಲ ಹುಡುಗಿ ಕಡೆ ತಿರುಗಿ ಮೆತ್ತಗ, "ನಮ್ಮ ಹುಡುಗ ನಿನಗ ಒಪ್ಪಿಗಿ ಅದಾನೇನವ್ವಾ?" ಅಂದ್ಲು.

ಹುಡುಗಿ ಅವನ ರಟ್ಟಿ ಇನ್ನೂ ಬಿಟ್ಟಿರಲಿಲ್ಲ.

"ನಿಮ್ಮ ಮನ್ಯಾಗ ಬಾವಿ ಐತೇನ್ರಿ?"

"ಐತೆವ್ವಾ, ಸಿಹಿ ನೀರಿಂದು."

"ಅದಕ್ಕ ಎದಿಮಟ ಕಟ್ಟಿ ಕಟ್ಟಸ್ರಿ. ಆಮ್ಯಾಲ ಬರ್ತೀನಿ."