ಪಿನ್‌ಬಾಲ್ ಮೇಜನ್ನು ‘ಸ್ವಲ್ಪ’ ಅಲ್ಲಾಡಿಸಿದ್ದು

ಕನ್ನಡದ ‘ಸ್ವಲ್ಪ’ಕ್ಕೆ ಅಳತೆಯಿಲ್ಲ. ಮದುವೆಯೂಟದ ಪಂಕ್ತಿಯಲ್ಲಿ ಸ್ವಲ್ಪ ಎಂದರೆ ಸೌಟಿನ ತುಂಬಾ. ಬಸ್ಸಿನಲ್ಲಿ ‘ಸ್ವಲ್ಪ ಸರ್ಕೊಳ್ಳಿ’ ಎಂದರೆ ಮುಕ್ಕಾಲು ಸೀಟು. ‘ಸ್ವಲ್ಪ ಇರಿ, ಬಂದೆ’ ಎಂದು ಹೋದವರನ್ನು ಕಾಯುತ್ತ ಒಂದು ಕಾಫಿ ಕುಡಿದು, ಪೇಪರ್ ಓದಿ ಮುಗಿಸಿ, ಇನ್ನೊಂದು ಕಾಫಿ ಕುಡಿಯಬಹುದು. ದಿನಾಂಕ ಹಾಕಿ, ಗೀಟೆಳೆದು, ಎಲ್ಲಕ್ಕೂ ಲೆಕ್ಕ ಇಡುವ ನನ್ನಂಥವಳಿಗೆ ಈ ಪದ ಚಿಕ್ಕಂದಿನಿಂದಲೂ ಒಂದು ಕಿರುಕುಳ. ಜಪಾನಿಗೆ ಬಂದಾಗ, ಇಲ್ಲಿ ಪ್ರತಿಯೊಂದಕ್ಕೂ ಅಳತೆಯಿರುತ್ತದೆಂದು ಖುಷಿಪಟ್ಟಿದ್ದೆ. ಭಾಷೆಯ ಮೊದಲ ತರಗತಿಯಲ್ಲೇ ‘ಚೊತ್ತೊ ಎಂದರೆ ಸ್ವಲ್ಪ’ ಎಂದು ಬರೆದುಕೊಂಡು, ಪಕ್ಕದಲ್ಲಿ ಸರಿ ಗುರುತನ್ನೂ ಹಾಕಿದ್ದೆ. ಆ ಸರಿ ಗುರುತೇ ನನ್ನನ್ನು ಒಂದು ಫ್ರಿಜ್ಜಿನ ಮುಂದೆ ಮಂಡಿಯೂರಿಸಿತು.

ಮೊದಲು ಫ್ರಿಜ್ಜಿನ ವಿಷಯ ಹೇಳಿಬಿಡುತ್ತೇನೆ. ಒಕಾಜಾಕಿಯ ನಮ್ಮ ಪ್ರಯೋಗಾಲಯದಲ್ಲಿ ವರ್ಷದ ಕೊನೆಗೆ ಎಲ್ಲರೂ ಸೇರಿ ಮೂಲೆಮೂಲೆ ತೊಳೆಯುವುದು ರೂಢಿ. ಕಿಟಕಿ, ನೆಲ, ಕಪಾಟುಗಳನ್ನು ನಗುನಗುತ್ತ ಹಂಚಿಕೊಳ್ಳುವ ಜನ, ಚಹಾ ಕೋಣೆಯ ಫ್ರಿಜ್ಜಿನ ಹೆಸರೆತ್ತಿದ ಕೂಡಲೇ ಚಾವಣಿ ನೋಡತೊಡಗುತ್ತಾರೆ. ಅದರ ಕೆಳಗಿನ ಡ್ರಾಯರನ್ನು ಕೊನೆಯ ಸಲ ತೆರೆದವರು ಯಾರೆಂದು ಯಾರಿಗೂ ನೆನಪಿಲ್ಲ. ಓದು ಮುಗಿಸಿ ಹೋದವರು ಬಿಟ್ಟುಹೋದ ನತ್ತೊ, ಅಂದರೆ ಹುದುಗು ಬಂದು ನೂಲುನೂಲಾಗುವ ಸೋಯಾಕಾಳು, ಅದರೊಳಗೆ ತನ್ನದೇ ಸಂಶೋಧನೆ ಮುಂದುವರಿಸಿದೆ ಎಂದು ಪ್ರತೀತಿ. ಹಾಗಾಗಿ ಈ ಫ್ರಿಜ್ಜು ಯಾರ ಪಾಲಿಗೆ ಎಂಬುದನ್ನು ನಿಲ್ದಾಣದ ಹತ್ತಿರದ ಹಳೇ ಕಾಫಿ ಅಂಗಡಿಯ ಪಿನ್‌ಬಾಲ್ ಯಂತ್ರ ತೀರ್ಮಾನಿಸುತ್ತದೆ. ಗಾಜು ಮುಚ್ಚಿದ ಇಳಿಜಾರು ಮೇಜು ಅದು, ಉರುಳಿ ಬರುವ ಗುಂಡು ಕೆಳಗೆ ಬೀಳದಂತೆ ಬಟನ್ ಒತ್ತಿ ಎರಡು ಪುಟ್ಟ ಕೈಗಳಿಂದ ಮೇಲಕ್ಕೆ ಹೊಡೆಯಬೇಕು. ಜೋಡಿ ಜೋಡಿಯಾಗಿ ಆಡಬೇಕು, ಎಡಗಡೆಯ ಬಟನ್ ಒಬ್ಬರದು, ಬಲಗಡೆಯದು ಇನ್ನೊಬ್ಬರದು. ಎಲ್ಲರಿಗಿಂತ ಕಡಿಮೆ ಅಂಕ ಪಡೆದ ಜೋಡಿಗೆ ಫ್ರಿಜ್ಜು.

ನನ್ನ ಜೋಡಿ ಹಿರಿಯ ಸಂಶೋಧಕ ಮೊರಿತಾ ಸಾನ್ (ಸಾನ್ ಎಂದರೆ ನಮ್ಮ ‘ಅವರು’). ಮೆತ್ತಗಿನ ಮನುಷ್ಯ, ಬಾಗಿಲು ಹಾಕುವಾಗಲೂ ಬಾಗಿಲಿಗೆ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎನ್ನುತ್ತಾರೇನೋ ಅನ್ನಿಸುತ್ತದೆ. ಅವರ ಬಾಯಲ್ಲಿ ಪೂರ್ಣಿಮಾ ಎಂಬ ನನ್ನ ಹೆಸರು ಸವೆದು ‘ಪೂರು ಸಾನ್’ ಆಗಿದೆ. ಮೈಸೂರಿನಿಂದ ಪಿಎಚ್‌ಡಿಗೆ ಬಂದಿರುವ ಚೇತನನ ಬಾಯಲ್ಲಿ ಅದು ಉಬ್ಬಿ ‘ಪೂರಿ ಸಾನ್’.

ಪಂದ್ಯಕ್ಕೆ ಮುಂಚೆ ನವೆಂಬರಿನ ಎಲ್ಲಾ ಶನಿವಾರ ಆ ಅಂಗಡಿಗೆ ಹೋಗಿ ಅಭ್ಯಾಸ ಮಾಡಿದೆ. ಫೋನಿನಲ್ಲಿ ಹೇಳಿದಾಗ ಅಮ್ಮ ಗಾಬರಿಯಾದಳು. “ಜೂಜಾ ಪೂರ್ಣಿ? ಅಷ್ಟು ದೂರ ಹೋಗಿದ್ದು ಇದಕ್ಕಾ?”

“ಜೂಜಲ್ಲಮ್ಮ, ಗೆದ್ರೂ ಏನೂ ಸಿಗಲ್ಲ.”

“ಏನೂ ಸಿಗಲ್ಲ ಅಂದ್ರೆ ಮತ್ಯಾಕ್ ಆಡ್ತೀಯ?” ಫ್ರಿಜ್ಜಿನ ಕತೆ ಹೇಳಿದ್ದರೆ ಅಮ್ಮ ತಾನೇ ಬಂದು ತೊಳೆದುಕೊಡುತ್ತಿದ್ದಳು.

ಆಡಿದ್ದಕ್ಕಿಂತ ಹೆಚ್ಚು ಹೊತ್ತು ಆಡುವವರನ್ನು ನೋಡಿ ಟಿಪ್ಪಣಿ ಮಾಡಿಕೊಂಡೆ. ಆಟಗಾರರಲ್ಲಿ ಮೂರು ದರ್ಜೆ. ಮೊದಲನೆಯದರಲ್ಲಿ ನಾನಿದ್ದೇನೆ. ಉಕ್ಕಿನ ಗುಂಡು ಇಳಿಜಾರಿನ ಯಾವ ಮೂಲೆಯಲ್ಲಿದ್ದರೂ ಬಟನ್‌ಗಳನ್ನು ಪಟಪಟ ಒತ್ತಿ, ಕೆಳಗಿನ ಎರಡು ಪುಟ್ಟ ಕೈಗಳನ್ನು ಸುಮ್ಮನೆ ದಣಿಸುವವರು. ನಮ್ಮಂಥವರು ಅಂಕದ ಆಸೆ ಬಿಟ್ಟು ಗುಂಡನ್ನು ಬದುಕಿಸಿಕೊಂಡರೆ ಸಾಕು. ಮಿನುಗುವ ಯಾವುದಾದರೂ ಒಂದೇ ದೀಪವನ್ನು ನಂಬಿ ಅದರ ಕಡೆಗೇ ಹೊಡೆಯಬೇಕು. ಎರಡನೆಯ ದರ್ಜೆಯವರು ಗುಂಡು ಉರುಳಿ ಬಂದಾಗ ಕೈಯನ್ನು ಎತ್ತಿ ಹಿಡಿದು, ಮಗುವನ್ನು ಕಂಕುಳಲ್ಲಿ ಕೂರಿಸಿಕೊಂಡಂತೆ ಅದನ್ನು ನಿಲ್ಲಿಸಿ, ಉಸಿರೆಳೆದುಕೊಂಡು, ಗುರಿಯಿಟ್ಟು ಹೊಡೆಯುತ್ತಾರೆ. ಮೂರನೆಯ ದರ್ಜೆಯವರು ಮೊರಿತಾ ಸಾನ್ ಥರದವರು. ಅವರಿಗೆ ಗುಂಡು ಕೆಳಗೆ ಬೀಳುವುದರ ಭಯವಿಲ್ಲ. ಬಿದ್ದಾಗ ಸಿಗುವ ಬೋನಸ್ಸನ್ನು ಎರಡು ಪಟ್ಟು, ಮೂರು ಪಟ್ಟು ಮಾಡುವ ದೀಪಗಳನ್ನು ಒಂದೊಂದಾಗಿ ಹೊತ್ತಿಸುತ್ತ ಹೋಗುತ್ತಾರೆ. ನಡುನಡುವೆ ಮೇಜನ್ನು ಅಂಗೈಯಿಂದ ತಟ್ಟಿ ಗುಂಡಿನ ದಾರಿ ತಪ್ಪಿಸುವುದೂ ಅವರಿಗೆ ಗೊತ್ತು. ಆದರೆ ಹೆಚ್ಚು ಅಲ್ಲಾಡಿಸಿದರೆ ಯಂತ್ರಕ್ಕೆ ಸಿಟ್ಟು ಬಂದು, ದೀಪ ಆರಿ, ಬೋನಸ್ ಪೂರ್ತಿ ಸೊನ್ನೆ. ಇದನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೆ. ಶಾಯಿಯ ಬಣ್ಣಕ್ಕೂ ಬುದ್ಧಿಗೂ ಸಂಬಂಧವಿಲ್ಲ ಎಂಬುದನ್ನು ಮಾತ್ರ ಬರೆದುಕೊಂಡಿರಲಿಲ್ಲ.

ಪಂದ್ಯದ ದಿನ ನಮ್ಮದೇ ಕೊನೆಯ ಸರದಿ. ಅಲ್ಲಿಯವರೆಗೆ ಎಲ್ಲರಿಗಿಂತ ಕೆಳಗಿದ್ದದ್ದು ಚೇತನನ ಜೋಡಿ. ಆದರೂ ಬಾಯಿಗೇನೂ ಕಡಿಮೆಯಿರಲಿಲ್ಲ. “ಪೂರಿ ಸಾನ್, ಸಾಗು ರೆಡಿನಾ? ಟೆನ್ಷನ್ ಬೇಡ, ಗ್ಲೌಸ್ ನಾನೇ ಕೊಡಿಸ್ತೀನಿ.”

“ನೀನೇ ಹಾಕ್ಕೊಂಡು ಸೈಜ್ ನೋಡ್ಕೋ,” ಎಂದೆ.

ಕೊನೆಯ ಗುಂಡಿನ ಹೊತ್ತಿಗೆ ಚೇತನನ ಅಂಕಕ್ಕಿಂತ ಸ್ವಲ್ಪವೇ ಹಿಂದಿದ್ದೆವು. (ಇದು ಜಪಾನಿನ ಸ್ವಲ್ಪ, ಅಳೆದದ್ದು.) ಮೊರಿತಾ ಸಾನ್ ತಮ್ಮ ಒಂದೇ ಬಟನ್‌ನಿಂದ ದೀಪಗಳನ್ನೆಲ್ಲ ಹೊತ್ತಿಸಿ ಬೋನಸ್ಸನ್ನು ಐದು ಪಟ್ಟು ಮಾಡಿದ್ದರು. ಮಧ್ಯೆ ಎರಡು ಸಲ ಮೇಜು ತಟ್ಟಿ, ಯಂತ್ರದಿಂದ ಎರಡು ಸಲ ಎಚ್ಚರಿಕೆಯನ್ನೂ ಪಡೆದಿದ್ದರು. ಅಷ್ಟರಲ್ಲಿ ಗುಂಡು ಮೇಲೆಲ್ಲೋ ಹಾರಿ, ಒಂದು ರಬ್ಬರ್ ಗೂಟದ ತಲೆಯ ಮೇಲೆ ಪದ್ಮಾಸನ ಹಾಕಿ ಕೂತುಬಿಟ್ಟಿತು. ಇಳಿಯದು.

“ಮೊರಿತಾ ಸಾನ್, ಅಲ್ಲಾಡಿಸಲಾ?” ಎಂದು ನನ್ನ ಜಪಾನಿಯಲ್ಲಿ ಕೇಳಿದೆ.

ಅವರು ತಲೆಯನ್ನು ಓರೆ ಮಾಡಿದರು. ಹಲ್ಲಿನ ನಡುವಿನಿಂದ ಸೊರ್ ಎಂದು ಉಸಿರೆಳೆದುಕೊಂಡರು. “ಚೊತ್ತೊ...” ಎಂದರು.

ಸ್ವಲ್ಪ! ಅಪ್ಪಣೆ ಸಿಕ್ಕಿತು. ಕಾಲೂರಿ ನಿಂತು, ಮೇಜಿಗೆ ಸೊಂಟ ಕೊಟ್ಟು, ಸ್ವಲ್ಪ ಅಲ್ಲಾಡಿಸಿದೆ. ಆ ಗಡಿಬಿಡಿಯಲ್ಲಿ ಅದು ಕನ್ನಡದ ಸ್ವಲ್ಪವಾಗಿಹೋಯಿತು. ಗುಂಡೇನೋ ಇಳಿಯಿತು. ಜೊತೆಗೆ ದೀಪಗಳು ಆರಿದವು, ಸಂಗೀತ ನಿಂತಿತು, ಐದು ಪಟ್ಟಿನ ಬೋನಸ್ ಸೊನ್ನೆಯಾಯಿತು. ತಿರುಗಿ ನೋಡಿದರೆ, ಗಾಜು ತೆಗೆದು ಗುಂಡನ್ನು ಬಿಡಿಸಿಕೊಡಲು ಅಂಗಡಿಯ ಯಜಮಾನರು ಬೀಗದ ಕೈ ಹಿಡಿದುಕೊಂಡು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಆಮೇಲೆ ಆ ಗುಂಡು ನೇರವಾಗಿ ಕೆಳಗೆ ಬಿದ್ದಿದ್ದರೂ ಬೋನಸ್ ಒಂದರಿಂದಲೇ ಗೆಲ್ಲುತ್ತಿದ್ದೆವು.

“ಪೂರು ಸಾನ್, ಚೊತ್ತೊ ಅಂದೆನಲ್ಲ,” ಎಂದರು ಮೊರಿತಾ ಸಾನ್, ತಾವೇ ತಪ್ಪು ಮಾಡಿದವರ ಧ್ವನಿಯಲ್ಲಿ.

“ಅದಕ್ಕೇ ಸ್ವಲ್ಪ ಅಲ್ಲಾಡಿಸಿದೆ!”

ಚೇತನ ಕುರ್ಚಿ ಹಿಡಿದುಕೊಂಡು ನಗುತ್ತಿದ್ದ. “ಅಯ್ಯೋ ಮಾರಾಯ್ತಿ, ತಲೆ ಓರೆ ಮಾಡಿ ಚೊತ್ತೊ ಅಂದ್ರೆ ಬೇಡ ಅಂತ ಕಣೇ! ಇವ್ರು ಮುಖದ ಮೇಲೆ ನೋ ಅನ್ನಲ್ಲ. ಎಂಟ್ ತಿಂಗಳಾಯ್ತು ಬಂದು, ಇನ್ನೂ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಈಗ ಒಂದೊಂದೇ ಗೊತ್ತಾಗತೊಡಗಿತು. ಭಾನುವಾರ ಬೆಟ್ಟ ಹತ್ತೋಣವೇ ಎಂದಾಗ ‘ಭಾನುವಾರ ಚೊತ್ತೊ...’ ಎಂದಿದ್ದ ಸಹೋದ್ಯೋಗಿಗಾಗಿ ನಾನು ನಿಲ್ದಾಣದಲ್ಲಿ ನೀರಿನ ಬಾಟಲಿ ಹಿಡಿದು ಕಾದದ್ದು. ‘ಖಾರ ಚೊತ್ತೊ...’ ಎಂದವರಿಗೆಲ್ಲ ಪ್ರೀತಿಯಿಂದ ಚಟ್ನಿಪುಡಿ ಬಡಿಸಿದ್ದು.

ವಾಪಸ್ಸು ಬರುವಾಗ ಮೊರಿತಾ ಸಾನ್‌ಗೆ ಕ್ಷಮೆ ಕೇಳಿ, ನಮ್ಮ ಸ್ವಲ್ಪದ ಕತೆಯನ್ನೆಲ್ಲ ಹೇಳಿದೆ, ಮದುವೆಯೂಟ, ಬಸ್ಸಿನ ಸೀಟು ಸಮೇತ. ಅವರು ಬಹಳ ಆಸಕ್ತಿಯಿಂದ ಕೇಳಿದರು. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂಬುದನ್ನು ಎರಡು ಸಲ ಹೇಳಿಸಿಕೊಂಡರು. ಸಂಶೋಧಕರ ಕುತೂಹಲ ಎಂದುಕೊಂಡೆ.

ಸ್ವಚ್ಛತೆಯ ದಿನ ಇಬ್ಬರೂ ಗ್ಲೌಸ್, ಮಾಸ್ಕ್ ತೊಟ್ಟು ಫ್ರಿಜ್ಜಿನ ಮುಂದೆ ಕೂತೆವು. ಮೊರಿತಾ ಸಾನ್ ಹಾಲಿನ ಕಲೆಯಷ್ಟೇ ಇದ್ದ ಮೇಲಿನ ಟ್ರೇಯನ್ನು ತಮ್ಮ ಕಡೆ ಎಳೆದುಕೊಂಡು, ಆ ಕೆಳಗಿನ ಡ್ರಾಯರನ್ನು ತೋರಿಸಿ, ಸ್ಪಷ್ಟ ಕನ್ನಡದಲ್ಲಿ ಹೇಳಿದರು: “ಸ್ವಲ್ಪ ಅಡ್ಜಸ್ಟ್ ಮಾಡಿ.”

ನಾನೂ ಕಲಿತವಳೇ. ತಲೆ ಓರೆ ಮಾಡಿ, ಹಲ್ಲಿನ ನಡುವಿನಿಂದ ಉಸಿರೆಳೆದುಕೊಂಡು, “ಚೊತ್ತೊ...” ಎಂದೆ.

“ಹಾಯ್, ಹಾಯ್,” ಎಂದು ಜಪಾನಿಯಲ್ಲೇ ಹೌದು ಹೌದೆಂದು ಒಪ್ಪಿ ತಲೆಯಾಡಿಸಿದ ಮೊರಿತಾ ಸಾನ್, ಆ ಡ್ರಾಯರನ್ನು ಸ್ವಲ್ಪ ಹೊರಗೆಳೆದು ನನ್ನ ಮಡಿಲಲ್ಲಿಟ್ಟರು.