ಮುನಿಶಾಮಮ್ಮನವರ ಈಳಿಗೆಮಣೆ

ಇಷ್ಟಕ್ಕೆಲ್ಲ ಕಾರಣ ಒಂದು ಕುಂಬಳಕಾಯಿ. ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು, ಮೊದಲ ಹೋಳು ಗಂಡಸಿನ ಕೈಯಿಂದಲೇ ಆಗಬೇಕು ಎಂಬ ಪದ್ಧತಿ ಇಲ್ಲದಿದ್ದರೆ, ಹಲಸೂರಿನ ಆ ವಠಾರದಲ್ಲಿ ಸಿದ್ಧಲಿಂಗೇಶ ಭಾನುವಾರ ಬೆಳಿಗ್ಗೆ ಪೇಪರ್ ಓದುತ್ತ ಸುಖವಾಗಿ ಕೂತಿರುತ್ತಿದ್ದ. ಹೆಂಡತಿ ಶೀತಲ್ ಕರೆದಳು, ಅವನು ಎದ್ದು ಹೋದ. ಈಳಿಗೆಮಣೆಯ ಮೇಲೆ ಕಾಲೂರಿ ಕೂತು, ಕಾಯನ್ನು ಅಲಗಿಗೆ ಕೊಟ್ಟು, ಮೈಭಾರವನ್ನೆಲ್ಲ ಹಾಕಿ ಒತ್ತಿದ. ಕಟಕ್ ಎಂದಿತು. ಕುಂಬಳಕಾಯಿ ಹಾಗೇ ಇತ್ತು. ಅಲಗು ಮಾತ್ರ ಮಣೆ ಬಿಟ್ಟು ಕಿತ್ತು ಬಂದು ಅವನ ಪಕ್ಕದಲ್ಲಿ ಬಿದ್ದಿತ್ತು.

"ಅಯ್ಯ, ಏನ್ ಮಾಡಿದ್ರಿ! ಮುನಿಶಾಮಮ್ಮನೋರ ಕಡೆ ಕೇಳಿ ತಂದ ಈಳಿಗಿ ಅದು!" ಎಂದು ಶೀತಲ್ ತಲೆಯ ಮೇಲೆ ಕೈಯಿಟ್ಟುಕೊಂಡಳು.

ಮುನಿಶಾಮಮ್ಮ ವಠಾರದ ಒಡತಿ. ತಮ್ಮ ಅತ್ತೆಯ ಕಾಲದ ಈಳಿಗೆಯ ಬಗ್ಗೆ ಅವರು ಹೇಳದ ದಿನವಿಲ್ಲ. ಲಾರಿಯ ಕಮಾನು ಪಟ್ಟಿ ತಂದು ಕುಲುಮೆಯಲ್ಲಿ ಬಡಿಸಿದ್ದಂತೆ, ಮನೆಯ ಶುಭಕಾರ್ಯಕ್ಕೆಲ್ಲ ಮೊದಲ ತರಕಾರಿ ಅದರಲ್ಲೇ ಹೆಚ್ಚಬೇಕಂತೆ. ನಾಳೆ ಅವರ ಮಗಳು ಧನಲಕ್ಷ್ಮಿಯ ನಿಶ್ಚಿತಾರ್ಥ. ಮಹದೇವಪುರದ ಅಣ್ಣನ ಮನೆಗೆ ಕರೆಯಲು ಹೋದವರು ಸಂಜೆಗೆ ಬಂದು ತರಕಾರಿ ಹೆಚ್ಚಲು ಕೂರುವವರಿದ್ದರು.

ಬೇರೆ ಯಾರದ್ದಾದರೂ ಆಗಿದ್ದರೆ ಸಿದ್ಧಲಿಂಗೇಶ ಇಷ್ಟು ಬೆವರುತ್ತಿರಲಿಲ್ಲ. ಹೋದ ವರ್ಷ ಶೀತಲ್ ಟೈಫಾಯ್ಡಿನಲ್ಲಿ ಮಲಗಿದ್ದಾಗ ತಮ್ಮೂರು ರಾಣೆಬೆನ್ನೂರಿನಿಂದ ಬಂದು ನೋಡುವವರು ಯಾರೂ ಇರಲಿಲ್ಲ. ದಿನವೂ ಗಂಜಿ ಕಾಸಿ ತಂದು ಕುಡಿಸಿದವರು, ತಲೆ ಬಾಚಿದವರು ಈ ಮುನಿಶಾಮಮ್ಮ. ಆ ಋಣ ಹೇಗೆ ತೀರಿಸುವುದೆಂದು ಅವನು ಅವತ್ತಿನಿಂದ ಯೋಚಿಸುತ್ತಿದ್ದ. ಕೊನೆಗೆ ತೀರಿಸಿದ್ದು ಹೀಗೆ.

ಎದುರುಮನೆಯ ಮುನಿರಾಜಪ್ಪ ಕಾರ್ಖಾನೆಯಿಂದ ರಿಟೈರಾದವರು. ಯಾರ ಮನೆಯಲ್ಲಿ ಏನು ಮುರಿದರೂ ಕರೆಯದೆ ಬರುತ್ತಿದ್ದರು. ಅಲಗಿನ ಬುಡವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಹಳೇ ತೂತೆಲ್ಲ ಹರ್ಕೊಂಡ್ಹೋಗಿದೆ. ಬೇರೆ ಎರಡು ತೂತು ಹೊಡೀಬೇಕು. ಮೇಲೆ ನಟ್ ಹಾಕಿದ್ರೆ ಕಾಲಿಗೆ ಚುಚ್ಚುತ್ತೆ. ಅದಕ್ಕೇ ತೂತಿನ ಒಳಗೇ ಥ್ರೆಡ್, ಅಂದ್ರೆ ಸುರುಳಿ ಗೀರು ಮಾಡಿ, ಮಣೆ ಕೆಳಗಿಂದ ಬೋಲ್ಟ್ ತಿರುಗಿಸಿಬಿಡೋಣ. ಆಮೇಲೆ ಅಲ್ಲಾಡಿದ್ರೆ ನನ್ನನ್ನ ಕೇಳು."

"ನಿಮ್ಮ ಉಪಕಾರ ಮರೆಯಂಗಿಲ್ರಿ ಸರ," ಎಂದು ಸಿದ್ಧಲಿಂಗೇಶ ಕೈ ಮುಗಿದ.

"ಮರೀಬೇಡ. ಮಾಡೋನು ನೀನೇ. ನನಗೆ ಭುಜ ಹಿಡ್ಕೊಂಡಿದೆ."

ಮುನಿರಾಜಪ್ಪನವರ ಡ್ರಿಲ್ಲಿಂಗ್ ಮಷೀನ್ ಬಂತು. ಆಫೀಸಿನಲ್ಲಿ ಕಾಗದಕ್ಕೆ ತೂತು ಹೊಡೆದು ದಾರ ಕಟ್ಟಿದ್ದು ಬಿಟ್ಟರೆ ಸಿದ್ಧಲಿಂಗೇಶನಿಗೆ ತೂತಿನ ಅನುಭವ ಇರಲಿಲ್ಲ. ಮಷೀನ್ ಒತ್ತಿ ಹಿಡಿದ. ಅದು ಹಾಕಿದ ಕಿರುಚಾಟಕ್ಕೆ ಬೀದಿನಾಯಿಗಳು ಎದ್ದು ಓಡಿದವು. ಮಹಡಿಯಿಂದ ಶಾಂತಕುಮಾರಿ ಟೀಚರು ಇಳಿದು ಬಂದರು.

"ಒಣಗಿ ಅರಚ್ತಾ ಇದೆ ಪಾಪ, ಎಣ್ಣೆ ಹಾಕ್ರೀ!" ಎಂದು ಅವರು ಮತ್ತೆ ಮೇಲೆ ಹತ್ತಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ತಂದು ಧಾರಾಳವಾಗಿ ಸುರಿದರು. ಹೊಗೆ ಎದ್ದಿತು. ವಠಾರದ ತುಂಬ ಮಂಗಳೂರಿನವರ ಅಡುಗೆಮನೆಯ ಪರಿಮಳ ಹರಡಿತು. ಡ್ರಿಲ್ ಬಿಟ್ಟಿನ ಮೂತಿ ಸುಟ್ಟು ನೀಲಿಯಾಗಿತ್ತು. ಅಲಗಿನ ಮೇಲೆ ಮಾತ್ರ ಹಣೆಗೆ ಬೊಟ್ಟಿಟ್ಟಷ್ಟು ಹೊಳಪು ಬಿಟ್ಟರೆ ಗಾಯದ ಸುಳಿವಿರಲಿಲ್ಲ.

ಗದ್ದಲ ಕೇಳಿ ಮೂಲೆಯ ಸ್ಕೂಟರ್ ಗ್ಯಾರೇಜಿನ ಅಕ್ತರ್ ಬಂದ. ಅಲಗನ್ನು ಉಗುರಿನಿಂದ ತಟ್ಟಿ ನಕ್ಕ.

"ಅರೇ ಸಾರ್, ಇದು ಲಾರಿ ಪಟ್ಟಿ! ಹಂಗೆಲ್ಲ ಬಗ್ಗಲ್ಲ. ಕೆಂಪಗೆ ಕಾಯಿಸಿ, ಬೂದೀಲಿ ಹೂತಾಕಿ, ತಾನೇ ನಿಧಾನಕ್ಕೆ ತಣ್ಣಗಾಗ್ಲಿ. ಬೆಣ್ಣೆ ಆಗೋಗ್ತದೆ. ಬುಡ ಮಾತ್ರ ಸಾರ್, ಬುಡ ಮಾತ್ರ."

ಇಷ್ಟು ಹೇಳಿ ಅವನು ಗಿರಾಕಿ ಕರೆದರೆಂದು ಹೊರಟುಹೋದ.

ಬಚ್ಚಲ ಹಂಡೆ ಒಲೆಗೆ ಇದ್ದಿಲು ತುಂಬಿ, ಟೇಬಲ್ ಫ್ಯಾನ್ ಹಚ್ಚಿ, ಸಿದ್ಧಲಿಂಗೇಶ ಇಕ್ಕಳದಲ್ಲಿ ಅಲಗನ್ನು ಹಿಡಿದು ಕೂತ. ಮೊದಲು ಬುಡವನ್ನಷ್ಟೇ ಕೆಂಡಕ್ಕೆ ಕೊಟ್ಟ. ಆಮೇಲೆ ಅವನ ಮನಸ್ಸು ತಡೆಯಲಿಲ್ಲ. ಬುಡಕ್ಕೆ ಒಳ್ಳೆಯದಾದದ್ದು ತುದಿಗೆ ಕೆಟ್ಟದ್ದು ಹೇಗಾದೀತು? ಹೆಂಡತಿಯ ಪ್ರಾಣ ಉಳಿಸಿದ ತಾಯಿಯ ಈಳಿಗೆಗೆ ಅರ್ಧಂಬರ್ಧ ಸೇವೆಯೇ? ಇಡೀ ಅಲಗನ್ನು ಭಕ್ತಿಯಿಂದ ಕೆಂಡದೊಳಗೆ ತಳ್ಳಿದ.

ಬೂದಿಯಿಂದ ತೆಗೆದಾಗ ಮಧ್ಯಾಹ್ನ ಕಳೆದಿತ್ತು. ಈ ಸಲ ಹೊಸ ಬಿಟ್ಟು ಸುರುಳಿ ಸುರುಳಿ ಸಿಪ್ಪೆ ಬಿಡುತ್ತ ಇಳಿದೇಬಿಟ್ಟಿತು. ಇನ್ನು ಉಳಿದದ್ದು ತೂತಿನೊಳಗೆ ಟ್ಯಾಪ್ ಎಂಬ ಉಕ್ಕಿನ ಕಡ್ಡಿ ತಿರುಗಿಸಿ ಥ್ರೆಡ್ ಕೊರೆಯುವುದು.

"ಟ್ಯಾಪು ಗಾಜಿನ ಬಳೆ ಇದ್ದಂಗೆ," ಎಂದರು ಮುನಿರಾಜಪ್ಪ. "ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. ಅವಸರ ಪಟ್ಟು ಒಳಗೆ ಮುರೀತೋ, ಬ್ರಹ್ಮ ಬಂದ್ರೂ ತೆಗಿಯಕ್ಕಾಗಲ್ಲ."

ದೂರದರ್ಶನದಲ್ಲಿ ಭಾನುವಾರದ ಸಿನಿಮಾ ಶುರುವಾಗಿದ್ದರೂ ವಠಾರದವರೆಲ್ಲ ಸಿದ್ಧಲಿಂಗೇಶನ ಸುತ್ತಲೇ ನಿಂತಿದ್ದರು. "ಮುಂದಕ್ಕೆ... ಹಿಂದಕ್ಕೆ..." ಎಂದು ಎಲ್ಲರೂ ಒಟ್ಟಾಗಿ ಹೇಳತೊಡಗಿದರು. ನಡುವೆ ಒಮ್ಮೆ ಟಿಕ್ ಎಂದಿತು. ಶೀತಲ್ ಕಣ್ಣು ಮುಚ್ಚಿಕೊಂಡಳು, ಮುನಿರಾಜಪ್ಪ ದೇವರನ್ನು ನೆನೆದರು. ಅದು ಶಾಂತಕುಮಾರಿ ಟೀಚರು ಬೆರಳಿನ ನೆಟಿಗೆ ಮುರಿದ ಸದ್ದು.

ಕೊನೆಗೆ ಬೋಲ್ಟುಗಳು ಕೂತವು. ಅಲಗು ಮಣೆಯ ಮೇಲೆ ಬಂಡೆಯ ಹಾಗೆ ನಿಂತಿತು. ಸಿದ್ಧಲಿಂಗೇಶ ಬೂದಿಗೈ ಒರೆಸಿಕೊಂಡು ಸುತ್ತಲಿದ್ದವರನ್ನು ನೋಡಿದ. ಎಲ್ಲೋ ಹುಟ್ಟಿ ಎಲ್ಲೋ ಬಂದ ತನಗಾಗಿ ಇವರೆಲ್ಲ ಭಾನುವಾರ ಹಾಳು ಮಾಡಿಕೊಂಡರಲ್ಲ! ಎಲ್ಲರಿಗೂ ಟೀ ಕೊಟ್ಟ, ಒಬ್ಬೊಬ್ಬರಿಗೂ ಕೈ ಮುಗಿದ. ಟೀ ಕುಡಿಯಲು ಅಕ್ತರನೂ ಬಂದ.

"ಒಮ್ಮೆ ನೋಡೂಣ್ರಿ," ಎಂದು ಶೀತಲ್ ಒಂದು ಬದನೆಕಾಯಿಯನ್ನು ಅಲಗಿಗೆ ಒತ್ತಿದಳು. ಬದನೆಕಾಯಿ ಜಜ್ಜಿಹೋಯಿತು. ಅಲಗಿನ ಬಾಯಿ ಚಪಾತಿಯ ಅಂಚಿನ ಹಾಗೆ ಒಂದು ಕಡೆಗೆ ಮಡಚಿಕೊಂಡಿತು.

ಅಕ್ತರ್ ಲೋಟ ಕೆಳಗಿಟ್ಟ. "ಪೂರಾ ಕಾಯಿಸಿದ್ರಾ ಸಾರ್? ಬುಡ ಮಾತ್ರ ಅಂದಿದ್ನಲ್ಲಾ! ಬೆಣ್ಣೆ ಆದ್ಮೇಲೆ ಹರಿತ ಎಲ್ಲಿಂದ ಬರ್ತದೆ? ಇನ್ನು ಇದು ದೋಸೆ ಮಗುಚಕ್ಕೆ ಸರಿ."

ಅಷ್ಟರಲ್ಲಿ ಬಾಗಿಲಿಗೆ ಆಟೋ ಬಂತು. ಇಳಿದ ಮುನಿಶಾಮಮ್ಮನವರ ಮುಂದೆ ಸಿದ್ಧಲಿಂಗೇಶ ಈಳಿಗೆಮಣೆ ಹಿಡಿದು ನಿಂತ.

"ಅಮ್ಮಾರ, ನಿಮ್ಮ ಅತ್ತಿಯವರ ಈಳಿಗಿ... ಕುಂಬಳಕಾಯಿ ಒಡಿಯಾಕ ಹೋಗಿ ಕಿತ್ತುಬಿಟ್ಟೇನ್ರಿ. ತಿರುಗಿ ಕೂಡ್ರಿಸೇನಿ, ಆದ್ರ..."

ಮುನಿಶಾಮಮ್ಮ ಅಲಗನ್ನು ಹಿಡಿದು ಅಲ್ಲಾಡಿಸಿದರು. ಜಗ್ಗಿದರು. ಅದು ಮಿಸುಕಲಿಲ್ಲ. ಅವರಿಗೆ ನಗು ಬಂತು.

"ನಮ್ಮತ್ತೆ ಈಳಿಗೆನ ನಾನು ಯಾರಿಗಪ್ಪ ಕೊಡ್ತೀನಿ! ಕೇಳ್ದೋರಿಗೆ ಕೊಡಕ್ಕೇಂತ ಅಂಥಾ ಲಾರಿ ಪಟ್ಟೀದೇ ಒಂದು ಬೇರೆ ಮಡಗಿವ್ನಿ. ಇದು ಅದೇ."

ಸಿದ್ಧಲಿಂಗೇಶನಿಗೆ ಹೋದ ಜೀವ ಬಂದಂತಾಯಿತು. ಮುನಿಶಾಮಮ್ಮ ಒಳಗೆ ಹೋಗಿ, ಹಳೇ ಸೀರೆಯಲ್ಲಿ ಸುತ್ತಿದ್ದ ಒಂದು ಗಂಟನ್ನು ಎದೆಗವಚಿಕೊಂಡು ತಂದು ಬಿಚ್ಚಿದರು. ನಿಜವಾದ ಅತ್ತೆಯ ಈಳಿಗೆ. ಅದರ ಅಲಗು ಬೀಳಲಿರುವ ಹಲ್ಲಿನಂತೆ ಅಲ್ಲಾಡುತ್ತಿತ್ತು.

"ಹಬ್ಬದಿಂದ ಹಿಂಗೇ ಆಡ್ತೈತೆ. ಯಾರ ಕೈಲಿ ಮಾಡಿಸ್ಲಪ್ಪ ಅಂತ ಒದ್ದಾಡ್ತಿದ್ದೆ. ದೇವ್ರು ನಿನ್ನ ಕೊಟ್ಟ. ಬೆಳಗಾಗೋದ್ರೊಳ್ಗೆ ಇದಕ್ಕೂ ಹಂಗೇ ಮಾಡ್ಕೊಟ್ಬುಡು!"

"ಅಮ್ಮಾರ, ಅದರ ಹರಿತ..." ಎಂದು ಸಿದ್ಧಲಿಂಗೇಶ ಬಾಯಿ ತೆರೆದ. ತೆರೆದ ಬಾಯಿಗೆ ಮುನಿಶಾಮಮ್ಮ ಮಹದೇವಪುರದಿಂದ ತಂದ ಒಬ್ಬಟ್ಟನ್ನು ಮಡಚಿ ತುರುಕಿದರು.

"ಮೊದ್ಲು ಬಾಯಿ ಸಿಹಿ ಮಾಡ್ಕೋ. ನೀನು ರಿಪೇರಿ ಮಾಡಿದ್ದು ಇನ್ಮೇಲೆ ನಿಮ್ದೇ. ಮಡಿಕ್ಕಳವ್ವ ಶೀತಲ್ಲು! ಇವತ್ತು ಕುಂಬಳಕಾಯೆಲ್ಲ ಇದ್ರಲ್ಲೇ ಹೆಚ್ಚನ. ಮೊದಲ್ನೇ ಹೋಳು ಇವನೇ ಒಡೀಲಿ, ಒಳ್ಳೇ ಕೈ."

ಸಿದ್ಧಲಿಂಗೇಶನ ಕಣ್ಣು ತುಂಬಿ ಬಂತು. "ನೋಡ್ರೀ, ಎಂಥ ಕೃತಜ್ಞತೆ!" ಎಂದು ಶಾಂತಕುಮಾರಿ ಟೀಚರೂ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬುಡ ಮಾತ್ರ ಸಾರ್," ಎಂದು ಅಕ್ತರ್ ಸಿದ್ಧಲಿಂಗೇಶನ ಕಿವಿಯಲ್ಲಿ ಹೇಳಿದ. ಸಿದ್ಧಲಿಂಗೇಶನ ಬಾಯಿಯೊಳಗಿನ ಒಬ್ಬಟ್ಟು ಇನ್ನೂ ಇಳಿದಿರಲಿಲ್ಲ. ಆಟೋದವನು ಕುಂಬಳಕಾಯಿಗಳನ್ನು ಒಂದೊಂದಾಗಿ ಇಳಿಸಿ ತಂದು ಅವನ ಕಾಲ ಬಳಿ ಸಾಲಾಗಿ ಜೋಡಿಸತೊಡಗಿದ.