ಹೊಳೆಮತ್ತಿಗೆ ನಾಲ್ಕು ಕೊಡ

ಗುದ್ಲೆಪ್ಪನ ಅಂಗೈಯಲ್ಲಿ ಅಡ್ಡ ಮಲಗಿದ್ದ ತೆಂಗಿನಕಾಯಿ, ನಿವೃತ್ತ ಡ್ರಿಲ್ ಮಾಸ್ತರ ಚನ್ನವೀರಪ್ಪನವರ ಹಿತ್ತಲಿಗೆ ಬಂದದ್ದೇ ತಡ, ಸಟಕ್ಕನೆ ಎದ್ದು ನಿಂತಿತು. ನಿಂತದ್ದು ಬೇರೆಲ್ಲೂ ಅಲ್ಲ, ಮಾಸ್ತರರ ಹೊಳೆಮತ್ತಿ ಗಿಡದ ಬುಡದಲ್ಲಿ.

“ಇಲ್ಲೇ ಅದಾಳ್ರಿ ಗಂಗವ್ವ!” ಎಂದು ನೀರು ತೋರಿಸುವ ಗುದ್ಲೆಪ್ಪ ಕಣ್ಣು ಮುಚ್ಚಿಕೊಂಡೇ ಕೂಗಿದ. “ಹೊಳಿ ದಂಡಿ ಗಿಡ ಹೊಳಿ ಇಲ್ಲದ ನಮ್ಮ ಸವಣೂರಾಗ ಹಿಂಗ ಸೊಕ್ಕಿ ಬೆಳದೈತಿ ಅಂದ್ರ ಬುಡಕ ಹೊಳಿನ ಹರಿಯಾಕತ್ತೈತಿ. ಗಿಡಾ ಕಡೀರಿ, ಬೋರ್ ಹಾಕ್ರಿ!”

ಹತ್ತು ದಿನಕ್ಕೊಮ್ಮೆ ನಲ್ಲಿಯಲ್ಲಿ ನೂಲಿನಷ್ಟು ನೀರು ಕಾಣುತ್ತಿದ್ದ ಓಣಿಗೆ ಹಬ್ಬವೇ ಬಂದಂತಾಯಿತು. ಬೋರಿನ ಗಾಡಿಗೆ ಫೋನು ಹೋಯಿತು. ಮಾಸ್ತರರು ಮಾತ್ರ ಗಿಡದ ಬುಡಕ್ಕೆ ಹೋಗಿ ನಿಂತರು. ಆರು ವರ್ಷದ ಹಿಂದೆ ವರದಾ ನದಿಯ ದಂಡೆಯಿಂದ ಒದ್ದೆ ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲೆ ಕೂಡಿಸಿಕೊಂಡು ತಂದ ಗಿಡ ಅದು.

ಅದು ಬೆಳೆದ ಗುಟ್ಟು ತಮಗೊಬ್ಬರಿಗೇ ಗೊತ್ತೆಂದು ಮಾಸ್ತರರ ನಂಬಿಕೆ. ದಿನಾ ನಸುಕಿನಲ್ಲಿ ಹೆಂಡತಿ ಸರೋಜವ್ವ ಏಳುವ ಮೊದಲೇ ಮನೆಯ ಬ್ಯಾರಲ್ಲಿನಿಂದ ನಾಲ್ಕು ಕೊಡ ನೀರು ಕದ್ದು ಅದಕ್ಕೆ ಸುರಿಯುತ್ತಿದ್ದರು. ನೀರು ಎಲ್ಲಿ ಹೋಯಿತೆಂದು ಆಕೆ ಕೇಳಿದಾಗ, “ಬಾಜೂಮನಿ ಹುಚ್ಚವ್ವನ ಕೈ ಇರಬೇಕು ನೋಡು” ಎಂದುಬಿಟ್ಟಿದ್ದರು. ಆ ಮಾತು ಅಂದೇ ಗೋಡೆ ದಾಟಿತು. ಅಂದಿನಿಂದ ಸಂಕ್ರಮಣದ ಕುಸರೆಳ್ಳು ಗೋಡೆ ದಾಟುವುದು ನಿಂತಿತು.

ಬಾಯಿ ಬಿಟ್ಟರೆ ಮನೆಯಲ್ಲಿ ಮಹಾಯುದ್ಧ, ಬಿಡದಿದ್ದರೆ ಗಿಡಕ್ಕೆ ಕೊಡಲಿ. ಯಾರೋ ನಿಜವಾದ ಕೊಡಲಿಯನ್ನೇ ಹಿಡಿದು ಬಂದದ್ದನ್ನು ಕಂಡು ಮಾಸ್ತರರು ಕೊರಳಲ್ಲಿದ್ದ ಸೀಟಿಯನ್ನು ಫುರ್ರೆಂದು ಊದಿದರು. ನಿವೃತ್ತರಾಗಿ ಏಳು ವರ್ಷವಾದರೂ ಆ ಸೀಟಿ ಕೊರಳು ಬಿಟ್ಟಿರಲಿಲ್ಲ.

“ಗಂಗವ್ವನೂ ಇಲ್ಲ, ಗಿಂಗವ್ವನೂ ಇಲ್ರಿ! ದಿನಾ ನಾಕು ಕೊಡ ನೀರು ನಾನ ಹಾಕ್ತೇನಿ!”

ಸರೋಜವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಗೋಡೆಯಾಚೆ ಹುಚ್ಚವ್ವನ ತಲೆ ಮೂಡಿತು.

“ಹಂಗಾರ ಆರು ವರ್ಷ ನಾ ಕಳ್ಳಿ ಆಗಿದ್ದು ಈ ಗಿಡದ ಸಲುವಾಗಿ ಏನ್ರಿ, ಮಾಸ್ತರ?”

ಗುದ್ಲೆಪ್ಪ ನಕ್ಕ. “ನಾಕು ಕೊಡಕ್ಕ ಇಷ್ಟೆತ್ತರ ಗಿಡ ಬರತೈತೇನ್ರಿ? ಕಾಯಿ ಸುಳ್ಳಾಡೂದಿಲ್ಲ. ನಾಕು ಫೂಟ್ ಅಗದ ನೋಡೂಣು. ಒಣಾ ಇದ್ರ ನಿಮ್ಮ ಗಿಡ ನಿಮಗ. ನೀರು ಬಂದ್ರ ಕಡಿಯೂದ!”

ನಾಲ್ಕು ಅಡಿಗೆ ಎಲ್ಲಿಯ ನೀರು ಎಂದು ಮಾಸ್ತರರು ಒಪ್ಪಿದರು. ಹಾರೆ ಬಿತ್ತು. ಒಂದಡಿ ಒಣ, ಎರಡಡಿ ಒಣ. ಅವರ ಮುಖ ಅರಳಿತು. ಮೂರನೆಯ ಅಡಿಗೆ ಠಣ್ ಎಂದಿತು. ಮರುಕ್ಷಣವೇ ನೀರು ಆಳೆತ್ತರ ಚಿಮ್ಮಿ ಗುದ್ಲೆಪ್ಪನ ತಲೆಯ ಪಟಗವನ್ನು ಹಾರಿಸಿಬಿಟ್ಟಿತು!

ಓಣಿಗೆ ಓಣಿಯೇ ಕುಣಿಯಿತು. ಒಬ್ಬಳು ಅರಿಷಿಣ-ಕುಂಕುಮ ತಂದಳು, ಇನ್ನೊಬ್ಬಳು ಗಂಗವ್ವನ ಉಡಿ ತುಂಬಲು ಟ್ರಂಕಿನ ಹೊಸ ಖಣವನ್ನೇ ತೆಗೆದಳು. ಗುದ್ಲೆಪ್ಪ ಗಂಡಸರ ಹೆಗಲೇರಿದ. ಮಾಸ್ತರರು ಗಿಡವನ್ನು ತಬ್ಬಿಕೊಂಡು ಅತ್ತೇಬಿಟ್ಟರು. ಗುಟ್ಟೂ ಹೋಯಿತು, ಗಿಡವೂ ಹೋಯಿತು.

ಅಷ್ಟರಲ್ಲಿ ಊರಿಗೆ ನಲ್ಲಿ ನೀರು ಬಿಡುವ ಫಕ್ಕೀರೇಶ ಸೈಕಲ್ಲು ಎಸೆದು ಓಡಿಬಂದ.

“ಯಾರ್ರೀ ಪೈಪ್ ಒಡದವ್ರು? ಈಗರ ವಾಲ್ ತಿರಿವಿ ಬಂದೇನಿ!”

ಉಡಿ ತುಂಬಿಸಿಕೊಂಡದ್ದು ಹಿತ್ತಲಡಿ ಹಾದಿದ್ದ ಊರಿನ ನೀರಿನ ಪೈಪು! ಗುದ್ಲೆಪ್ಪ ಹೆಗಲಿಂದ ತಾನಾಗಿಯೇ ಜಾರಿ, ಪಟಗ ಹುಡುಕುವ ನೆವದಲ್ಲಿ ಮಾಯವಾದ. ಫಕ್ಕೀರೇಶ ವಾಲ್ ಬಂದ್ ಮಾಡಿ ಬಂದು, ತೆಗ್ಗಿಗಿಳಿದು, ಒಡೆದ ಪೈಪಿನೊಳಗೆ ಕೈ ಹಾಕಿ ಎಳೆದರೆ ಮಾರುದ್ದ ಬೇರು ಜಡೆಯಂತೆ ಹೊರಬಂತು.

“ನಿಮ್ಮ ಓಣಿಗೆ ನೀರು ಯಾಕ ಬರವಲ್ದು ಅಂತ ನಾಕು ವರ್ಷದಿಂದ ಹುಡುಕಾಕತ್ತೇನಿ. ಎಲ್ಲಾ ಈ ಗಿಡಾನ ಕುಡದೈತಿ! ಮಾಸ್ತರ, ನಿಮ್ಮ ನಾಕು ಕೊಡ ಇದಕ್ಕ ಮುಂಜಾನಿ ಚಾ ಇದ್ದಂಗ.”

ಕೊಡಲಿ ಮತ್ತೆ ಎದ್ದಿತು. ತಡೆದವಳು ಹುಚ್ಚವ್ವ.

“ಗಿಡ ಏನ ಮಾಡೈತ್ರಿ ಪಾಪ? ನೀರಡಿಕಿ ಎಲ್ಲಾರಿಗೂ ಐತಿ. ಶಿಕ್ಷಾ ಸಾಕಿದವ್ರಿಗೆ ಆಗ್ಲಿ.”

ಹಾಗೇ ಆಯಿತು. ಪೈಪು ಬೀದಿಯ ಆಚೆಗೆ ಸರಿಯಿತು, ಓಣಿಯ ನಲ್ಲಿಗಳೆಲ್ಲ ಭೋರ್ಗರೆದವು. ಮಾಸ್ತರರದೊಂದೇ ನಲ್ಲಿ ಓಣಿಯ ಹಿರಿಯರ ಅಪ್ಪಣೆಯಂತೆ ಆರು ತಿಂಗಳು ಬಂದ್. ಪೈಪಿನ ರುಚಿ ಕಂಡ ಗಿಡಕ್ಕೆ ಈಗ ನಾಲ್ಕು ಕೊಡ ಸಾಲದು, ಹದಿನಾರು ಬೇಕು. ಅಷ್ಟನ್ನೂ ಅವರು ಹುಚ್ಚವ್ವನ ನಲ್ಲಿಯಿಂದಲೇ ಹೊರಬೇಕು.

ಸರೋಜವ್ವ, ಹುಚ್ಚವ್ವ ಇಬ್ಬರೂ ಗಿಡದ ನೆರಳಲ್ಲಿ ಕುಳಿತು ಆರು ವರ್ಷದ ಮಾತನ್ನೆಲ್ಲ ಒಟ್ಟಿಗೇ ಆಡುತ್ತಾ ಕೊಡ ಎಣಿಸುತ್ತಾರೆ. ಮಾಸ್ತರರು ದಣಿವಾರಿಸಿಕೊಳ್ಳಲು ಗೋಡೆಗೆ ಒರಗಿದರೆ ಸಾಕು, ಫುರ್ರೆಂದು ಸೀಟಿ ಕೇಳುತ್ತದೆ. ಅದೀಗ ಸರೋಜವ್ವನ ಕೊರಳಲ್ಲಿದೆ.